ಐತಪ್ಪಣ್ಣನ ಸಂಜೆ ಕ್ಲಾಸು

ಸಂಜೆ ನೀರಿನ ನಳ್ಳಿಯ ಹತ್ತಿರ ಸೀಟಿ ಕೇಳಿದರೆ ನಮ್ಮ ಗುಡ್ಡೆಮೂಲೆ ಕಾಲೊನಿಯಲ್ಲಿ ಮೊದಲು ನಾಯಿಗಳು ಎದ್ದು ನಿಲ್ಲುತ್ತಿದ್ದವು, ಆಮೇಲೆ ಹೆಂಗಸರು. ಸೀಟಿ ಊದುತ್ತಿದ್ದವರು ಐತಪ್ಪಣ್ಣ. ಸರಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಖಾಕಿ ಅಂಗಿ ಬಿಟ್ಟಿದ್ದರು, ಸೀಟಿ ಬಿಟ್ಟಿರಲಿಲ್ಲ. ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಮೊದಲು ನೋಟುಗಳನ್ನು ಸಿಕ್ಕಿಸುತ್ತಿದ್ದ ಎಡಗೈಯ ಬೆರಳುಗಳ ನಡುವೆ ಚಾಕ್‌ಪೀಸುಗಳನ್ನು ಸಿಕ್ಕಿಸಿಕೊಂಡು, ಒಂದೊಂದು ಮನೆಯ ಎದುರೂ ನಿಂತು ಕೂಗುತ್ತಿದ್ದರು: "ಹೊರಡುದು, ಹೊರಡುದು! ಸೀಟು ಖಾಲಿ ಉಂಟು!"

ಪುತ್ತೂರು ಪೇಟೆಯ ಬೆನ್ನಿಗೇ ಇರುವ ಗುಡ್ಡದ ಇಳಿಜಾರು ನಮ್ಮ ಕಾಲೊನಿ. ಪೇಟೆಯ ಗಲಾಟೆಯೆಲ್ಲ ನಮಗೆ ಕೇಳಿಸುತ್ತದೆ, ಪೇಟೆಯ ನೀರು ಮಾತ್ರ ದಿನ ಬಿಟ್ಟು ದಿನ ಬರುತ್ತದೆ. ಗಂಡಸರು ಗಾರೆ ಕೆಲಸಕ್ಕೋ ಪೈಂಟಿಗೋ ಹೋಗುತ್ತಾರೆ. ಹೆಂಗಸರು ಬೀಡಿ ಕಟ್ಟುತ್ತಿದ್ದೆವು. ನಾನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು ಕಟ್ಟಲು ಕುಳಿತವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೂ ಮಡಿಲಲ್ಲಿ ಅದೇ ಮೊರದಂಥ ತಡ್ಪೆ, ಅದೇ ಎಲೆ, ಅದೇ ನೂಲು. ಆದರೆ ಆ ಹೊತ್ತಿಗೆ ಬೀಡಿಗೇ ಕಾಲ ಮುಗಿಯುತ್ತಾ ಬಂದಿತ್ತು. ಎಲೆ ಕೊಡುವ ಬೀಡಿ ಕಂಪೆನಿಯ ಬ್ರಾಂಚಿನವರು ವಾರದಲ್ಲಿ ಎರಡು ದಿನಕ್ಕಾಗುವಷ್ಟು ಮಾತ್ರ ಕೊಟ್ಟು, "ಇನ್ನು ಮುಂದಿನ ವಾರ ಬನ್ನಿ" ಎನ್ನತೊಡಗಿದ್ದರು. ಪೇಟೆಯಲ್ಲಿ ಹೊಸ ಆಸ್ಪತ್ರೆ, ಹೊಸ ಅಂಗಡಿಗಳು ಏಳುತ್ತಿದ್ದವು. ಎಲ್ಲಿ ಕೇಳಿದರೂ ಒಂದೇ ಮಾತು: ಎಸ್ಸೆಸ್ಸೆಲ್ಸಿ ಆಗಿದೆಯಾ?

ನಮ್ಮ ಕಾಲೊನಿಯಿಂದ ಮೊದಲು ಸರಕಾರಿ ಕೆಲಸಕ್ಕೆ ಸೇರಿದವರು ಐತಪ್ಪಣ್ಣ. ನಿವೃತ್ತಿಯಾದ ಮೇಲೆ ಅವರ ಜೊತೆಯವರೆಲ್ಲ ಕೋಳಿ ಸಾಕಣೆ, ಬಡ್ಡಿ ವ್ಯವಹಾರ ಅಂತ ಹೊರಟರೆ ಇವರು ಕಾಲೊನಿಯ ಸಮುದಾಯ ಭವನದ ಬೀಗ ತೆಗೆಸಿ, ಒಳಗಿದ್ದ ಮುರಿದ ಕುರ್ಚಿಗಳನ್ನು ಹೊರಗೆ ಹಾಕಿ, ಸ್ವಂತ ಖರ್ಚಿನಲ್ಲಿ ಒಂದು ಕರಿಹಲಗೆ ಮಾಡಿಸಿದರು. ದೊಡ್ಡವರಿಗೆ ಸಂಜೆ ಕ್ಲಾಸು. ಖಾಸಗಿಯಾಗಿ ಪರೀಕ್ಷೆ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸು ಮಾಡಿಸುವುದು.

ಯಾಕೆ ಇದೆಲ್ಲ ಎಂದು ಕೇಳಿದರೆ ಅವರು ಒಂದೇ ಕತೆ ಹೇಳುತ್ತಿದ್ದರು. ಅವರು ಸುಳ್ಯದ ಲೈನಿನಲ್ಲಿದ್ದಾಗ ನಡೆದದ್ದು. ಒಬ್ಬ ಹೆಂಗಸು ಉಪ್ಪಿನಂಗಡಿಗೆ ಹೋಗಬೇಕಾದವಳು ತಪ್ಪಿ ಅವರ ಬಸ್ಸು ಹತ್ತಿದ್ದಳಂತೆ. ಟಿಕೆಟು ಕೇಳುವಾಗಲೇ ಗೊತ್ತಾಗಿದ್ದು. ಆ ಹೊತ್ತಿಗೆ ಬಸ್ಸು ತುಂಬ ದೂರ ಬಂದಾಗಿತ್ತು. ಹೊರಗೆ ಮಳೆ. ಇಳಿಸಿ, ಎದುರಿನ ಬಸ್ಸಿಗೆ ಕಾಯಲು ಹೇಳಿದರಂತೆ. "ಅಮ್ಮನಿಗೆ ಸೀಕು ಜೋರುಂಟು, ಬೇಗ ಬಾ ಅಂತ ಹೇಳಿ ಕಳಿಸಿದ್ದಾರೆ ಅಂತ ಆ ಹೆಂಗಸು ಒಂದೇ ಸಮ ಹೇಳ್ತಾ ಇತ್ತು. ಮತ್ತೆ ಒಂದು ತಿಂಗಳು ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿತು. ಕೇಳಿದೆ. ಅದು ಹೋಗಿ ಮುಟ್ಟುವಾಗ ಎಲ್ಲ ಮುಗಿದು, ಬೂದಿ ಆಗಿತ್ತಂತೆ. ಬೋರ್ಡು ಓದ್ಲಿಕ್ಕೆ ಬರ್ತಿದ್ರೆ ಅಮ್ಮನ ಮುಖ ಆದ್ರೂ ನೋಡ್ತಿತ್ತು ಮಾರಾಯ್ತಿ." ಇಷ್ಟು ಹೇಳಿ ಅವರು ಚಾ ಲೋಟದ ತಳವನ್ನು ನೋಡುತ್ತಾ ಕುಳಿತುಬಿಡುತ್ತಿದ್ದರು.

ನಮ್ಮ ಮನೆಗೆ ಬಂದಾಗಲೂ ಚಾವೇ ಅವರ ಆಯುಧ. ಮೊದಲ ಸಂಜೆ ಬಂದವರು ಕ್ಲಾಸಿನ ಸುದ್ದಿಯನ್ನೇ ಎತ್ತಲಿಲ್ಲ. ಜಗಲಿಯಲ್ಲಿ ಕುಳಿತು, ಅತ್ತೆಯ ಸೊಂಟನೋವು ವಿಚಾರಿಸಿ, ಚಾ ಕುಡಿದು ಎದ್ದರು. ಹೋಗುವಾಗ ನನ್ನ ಕಡೆ ತಿರುಗಿ, "ಕುಸುಮಾ, ನಿನ್ನ ಸೀಟು ಹಿಡಿದಿಟ್ಟಿದ್ದೇನೆ" ಎಂದರು. ಮರುದಿನವೂ ಬಂದರು, ಅದರ ಮರುದಿನವೂ. ಕೊನೆಗೆ ಅತ್ತೆಯೇ ಸೋತರು. "ಹೋಗು ಮಾರಾಯ್ತಿ, ಇಲ್ಲದಿದ್ದರೆ ಈ ಮನುಷ್ಯ ನಮ್ಮ ಚಾ ಹುಡಿ ಪೂರ್ತಿ ಖಾಲಿ ಮಾಡುದೇ!"

ಕ್ಲಾಸೂ ಬಸ್ಸಿನ ಹಾಗೆಯೇ ಇತ್ತು. ನಾಚಿಕೊಂಡು ಹಿಂದಿನ ಗೋಡೆಗೆ ಒರಗಿ ಕುಳಿತವರಿಗೆ "ದುಂಬು ಪೋಲೆ, ದುಂಬು ಪೋಲೆ, ಎದುರು ಜಾಗ ಉಂಟು" ಎಂದು ತುಳುವಿನಲ್ಲಿ ಕೂಗುತ್ತಿದ್ದರು. ಬೀಡಿ ಕಟ್ಟುವುದನ್ನು ನಿಲ್ಲಿಸಿ ಬನ್ನಿ ಎಂದು ಅವರು ಯಾವತ್ತೂ ಹೇಳಲಿಲ್ಲ. ತಡ್ಪೆ ಮಡಿಲಲ್ಲಿಟ್ಟುಕೊಂಡೇ ಕೂರುತ್ತಿದ್ದೆವು. "ಕೈ ಬೀಡಿಗೆ, ಕಣ್ಣು ಬೋರ್ಡಿಗೆ" ಎನ್ನುತ್ತಿದ್ದರು. ನಮ್ಮ ಪುಸ್ತಕಗಳಲ್ಲೆಲ್ಲ ಹೊಗೆಸೊಪ್ಪಿನ ವಾಸನೆ. ಲೆಕ್ಕವನ್ನು ಟಿಕೆಟಿನಲ್ಲಿ ಕಲಿಸಿದರು, ಭೂಗೋಳವನ್ನು ರೂಟಿನಲ್ಲಿ. ನದಿಗಳ ಪಾಠ ಬಂದಾಗ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೂ ಕುಮಾರಧಾರೆಯೂ ಒಟ್ಟಿಗೆ ಉಕ್ಕಿ ಬಂದು, ರಸ್ತೆ ಯಾವುದು ಹೊಳೆ ಯಾವುದು ಗೊತ್ತಾಗದೆ ಬಸ್ಸು ನಿಲ್ಲಿಸಿಕೊಂಡು ಕುಳಿತದ್ದನ್ನು ಹೇಳಿದರು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲಿಲ್ಲ, ಆದರೆ ಆ ಪಾಠ ನಾನು ಮರೆತಿಲ್ಲ. ಇಂಗ್ಲಿಷ್ ಮಾತ್ರ ಅವರಿಗೂ ಅಷ್ಟಕ್ಕಷ್ಟೆ. "ಅದು ನಂಗೂ ನಿಮಗೂ ಒಟ್ಟಿಗೇ ಬರ್ಲಿ" ಎಂದು ನಮ್ಮ ಜೊತೆಗೇ ನೆಲದಲ್ಲಿ ಕುಳಿತು, ಬೆರಳಿಟ್ಟು ಓದುತ್ತಿದ್ದರು.

ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದವಳು ಜಯಂತಿ. ನನಗಿಂತ ಏಳೆಂಟು ವರ್ಷ ದೊಡ್ಡವಳು. ಕೆಂಪುಕಲ್ಲಿನ ಕೋರೆಗೆ ಕೆಲಸಕ್ಕೆಂದು ಹೋದ ಗಂಡ ಮತ್ತೆ ಬರಲೇ ಇಲ್ಲ. ಶಾಲೆಗೆ ಹೋಗುವ ಮಗಳು, ಮುದುಕಿ ತಾಯಿ, ಇಬ್ಬರೂ ಅವಳ ಮೇಲೆಯೇ. ಬೀಡಿ ಕಡಿಮೆಯಾದ ಮೇಲೆ ಅವಳು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಸಂಜೆ ಬರುವಾಗ ಕೈ ನೀರಿನಲ್ಲಿ ನೆನೆದು ಬಿಳಿಚಿಕೊಂಡಿರುತ್ತಿತ್ತು, ಪೆನ್ನು ಹಿಡಿದರೆ ಜಾರುತ್ತಿತ್ತು. ಆದರೆ ಓದಿನಲ್ಲಿ ಅವಳ ಹತ್ತಿರ ಸುಳಿಯುವವರಿರಲಿಲ್ಲ. ಒಂದು ಸಲ ಓದಿದ್ದು ಅವಳಿಗೆ ಉಳಿಯುತ್ತಿತ್ತು. ನಾವೆಲ್ಲ ಪಾಸಾದರೆ ಸಾಕು ಎಂದು ಓದುತ್ತಿದ್ದೆವು, ಅವಳು ಇಷ್ಟಪಟ್ಟು ಓದುತ್ತಿದ್ದಳು. ಅವಳು ಉತ್ತರ ಹೇಳುವಾಗ ಐತಪ್ಪಣ್ಣ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಆಮೇಲೆ ನಮಗೆಲ್ಲ ಹೇಳುವುದು, "ಕೇಳಿದ್ರಾ? ಹಾಗೆ!"

ಪರೀಕ್ಷೆ ಹತ್ತಿರ ಬಂದಾಗ ತೊಂದರೆ ಬಂತು. ಹೋಟೆಲಿನ ಧಣಿ ರಜೆ ಕೊಡುವುದಿಲ್ಲ ಎಂದ. ಪರೀಕ್ಷೆಗೆ ಹೋಗುವುದಾದರೆ ತಿರುಗಿ ಬರುವುದು ಬೇಡ, ಬೇರೆ ಜನ ನೋಡುತ್ತೇನೆ ಎಂದ. ಜಯಂತಿ ಆ ದಿನ ಕ್ಲಾಸಿಗೆ ಬಂದವಳು ಪುಸ್ತಕ ತೆರೆಯಲಿಲ್ಲ.

"ಈ ಸಲ ಬೇಡ ಅಣ್ಣ. ಮುಂದಿನ ವರ್ಷ ನೋಡುವ" ಎಂದಳು.

"ಎಂತ ಮುಂದಿನ ವರ್ಷ? ಮುಂದಿನ ವರ್ಷ ಅವನು ರಜೆ ಕೊಡ್ತಾನಾ?"

"ಅದು ಬಿಟ್ರೆ ಮನೆಯಲ್ಲಿ ಒಲೆ ಉರಿಯುದು ಹೇಗೆ? ನೀವೇ ಹೇಳಿ."

ಐತಪ್ಪಣ್ಣ ಚಾಕ್‌ಪೀಸು ಕೆಳಗಿಟ್ಟರು. ಇಡೀ ಕ್ಲಾಸು ಕೇಳುತ್ತಿತ್ತು. "ಬಿಡು ಮಾರಾಯ್ತಿ ಆ ಎಂಜಲು ಪಾತ್ರೆಯನ್ನ. ನೀನು ಪಾಸಾಗು. ಅದಕ್ಕಿಂತ ಒಳ್ಳೆ ಕೆಲಸ ನಾನು ಮಾಡಿಸಿ ಕೊಡ್ತೇನೆ. ನಾನು ಹೇಳಿದ್ದೇನಲ್ಲ? ಅದರ ಮಂಡೆಬಿಸಿ ನಂಗೆ ಬಿಡು."

ಆ ಮಾತು ಹೇಳುವಾಗ ಅವರ ಮುಖದಲ್ಲಿದ್ದ ಧೈರ್ಯವನ್ನು ನಾನು ಚೆನ್ನಾಗಿ ನೋಡಿದ್ದೇನೆ. ಅದು ಬರೀ ಬಾಯಿಮಾತಾಗಿರಲಿಲ್ಲ. ತಾನು ಓದಿ ಪಾಸಾದೆ, ತನಗೆ ಕೆಲಸ ಸಿಕ್ಕಿತು, ಹಾಗೆಯೇ ಎಲ್ಲರಿಗೂ ಸಿಗುತ್ತದೆ ಎಂದು ಅವರು ಪೂರ್ತಿ ನಂಬಿದ್ದರು. ಜಯಂತಿಯೂ ನಂಬಿದಳು. ಮರುದಿನದಿಂದ ಹೋಟೆಲಿಗೆ ಹೋಗಲಿಲ್ಲ.

ಫಲಿತಾಂಶ ಬಂದಾಗ ನಾನು ಹೇಗೋ ದಾಟಿದ್ದೆ. ಜಯಂತಿ ಪ್ರಥಮ ದರ್ಜೆ. ಐತಪ್ಪಣ್ಣ ಕಾಲೊನಿಗೆಲ್ಲ ಮೈಸೂರುಪಾಕು ಹಂಚಿದರು. ಅವರ ಹೆಂಡತಿ ಗಿರಿಜಕ್ಕ, "ಮಗಳ ಮದುವೆಗೂ ಇವರು ಇಷ್ಟು ಕುಣಿದಿಲ್ಲ" ಎಂದು ನಗುತ್ತಾ ತಟ್ಟೆ ಹಿಡಿದುಕೊಂಡು ಹಿಂದೆಯೇ ಬಂದರು. ಜಯಂತಿಯ ತಾಯಿ ಐತಪ್ಪಣ್ಣನ ಎರಡೂ ಕೈ ಹಿಡಿದುಕೊಂಡು ನಿಂತದ್ದು ನೆನಪಿದೆ. ಅಷ್ಟು ಸಂತೋಷವನ್ನು ನಮ್ಮ ಕಾಲೊನಿಯಲ್ಲಿ ನಾನು ಅದರ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಪೇಟೆಯ ಹೊಸ ಆಸ್ಪತ್ರೆಗೆ ವಾರ್ಡಿನ ಕೆಲಸಕ್ಕೆ ಹೆಂಗಸರು ಬೇಕೆಂದು ತಿಳಿದು ಐತಪ್ಪಣ್ಣ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡಿದ್ದರು. ಆಫೀಸಿನಲ್ಲಿದ್ದ ಹೆಂಗಸು ನಮ್ಮ ಕಾಗದಗಳನ್ನು ನೋಡಿ, ನನ್ನನ್ನು ಒಳಗೆ ಕರೆದಳು, ಜಯಂತಿಯನ್ನು ಕರೆಯಲಿಲ್ಲ.

"ಇವಳದ್ದು ಮಾರ್ಕು ನೋಡಿದ್ರಾ ಮೇಡಂ? ಇವಳೇ ಮೊದಲು" ಎಂದರು ಐತಪ್ಪಣ್ಣ.

"ನೋಡಿದೆ. ಚೆನ್ನಾಗುಂಟು. ಆದ್ರೆ ವಯಸ್ಸು ದಾಟಿದೆಯಲ್ಲ? ಮೂವತ್ತೈದರ ಒಳಗಿನವರನ್ನೇ ತಕೊಳ್ಳುದು ನಾವು."

ಐತಪ್ಪಣ್ಣ ಅದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ವಯಸ್ಸಿಗೂ ಒಂದು ಗಡಿ ಇರುತ್ತದೆ ಎನ್ನುವುದು ಅವರ ತಲೆಗೇ ಹೊಳೆದಿರಲಿಲ್ಲ. ಓದಲು ವಯಸ್ಸಿಲ್ಲ ಎಂದು ಹೇಳಿ ಹೇಳಿ, ಕೆಲಸಕ್ಕೂ ಇಲ್ಲವೆಂದುಕೊಂಡಿದ್ದರು. ಹೊರಗೆ ಬಂದಾಗ ಜಯಂತಿಯೇ ಅವರನ್ನು ಸಮಾಧಾನ ಮಾಡಿದಳು. "ಇರ್ಲಿ ಅಣ್ಣ. ಕುಸುಮನಿಗಾದ್ರೂ ಆಯ್ತಲ್ಲ. ಇದೊಂದೇ ಜಾಗವಾ ಇರುದು?"

ಎರಡನೆಯ ಜಾಗ ಒಂದು ದೊಡ್ಡ ಅಂಗಡಿ. ಸಾಮಾನು ಜೋಡಿಸಲು, ಬಿಲ್ಲಿನ ಕೌಂಟರಿಗೆ ಜನ ಬೇಕಿತ್ತು. ವಯಸ್ಸಿನ ಅಡ್ಡಿ ಇರಲಿಲ್ಲ. ಆ ದಿನ ನನಗೆ ರಜೆ ಇದ್ದದ್ದರಿಂದ ನಾನೂ ಜೊತೆಗೆ ಹೋಗಿದ್ದೆ. ಮೆನೇಜರು ಚಿಕ್ಕ ಪ್ರಾಯದವನು, ಒಳ್ಳೆ ಮಾತಿನವನು. ಎಲ್ಲ ಕೇಳಿ, ನಾಳೆಯಿಂದಲೇ ಬನ್ನಿ ಎನ್ನುವ ಹಾಗಿದ್ದ.

"ಮನೆ ಎಲ್ಲಿ ನಿಮ್ಮದು?"

"ಗುಡ್ಡೆಮೂಲೆ" ಎಂದಳು ಜಯಂತಿ.

ಅವನ ಪೆನ್ನು ನಿಂತಿತು. "ಕಾಲೊನಿಯಾ?"

"ಹೌದು."

"ಸರಿ. ನಾವು ಫೋನ್ ಮಾಡಿ ಹೇಳ್ತೇವೆ."

ಪೇಟೆಯಲ್ಲಿ ಕಾಲೊನಿಯಾ ಎಂದರೆ ಜಾತಿ ಕೇಳಿದ ಹಾಗೆಯೇ, ನಮಗೆ ಅದು ಹೊಸದಲ್ಲ. ನಾವು ಹೊರಡಲು ತಿರುಗಿದ್ದೆವು. ಐತಪ್ಪಣ್ಣ ತಿರುಗಲಿಲ್ಲ. ತುಂಬಿದ ಬಸ್ಸಿನ ಕೊನೆಯವರೆಗೆ ಕೇಳುವ ಆ ಗಂಟಲಿನಲ್ಲಿ, "ಕಾಲೊನಿ ಅಂದ ಕೂಡ್ಲೆ ಎಂತ ಆಯ್ತು ನಿಮಗೆ? ಹೇಳಿ. ನಾವು ಕೇಳಿಯೇ ಹೋಗುದು" ಎಂದರು. ಸಾಮಾನು ತೆಗೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಆ ಹುಡುಗ ಕೆಂಪಾಗಿ ಎದುರಿನ ಕಾಗದಗಳನ್ನು ಜೋಡಿಸತೊಡಗಿದ. ಜಯಂತಿ ಐತಪ್ಪಣ್ಣನ ಅಂಗಿಯ ತೋಳು ಹಿಡಿದು ಎಳೆದಳು. "ದಮ್ಮಯ್ಯ, ಬನ್ನಿ ಅಣ್ಣ. ಎಲ್ಲರೂ ನೋಡ್ತಿದ್ದಾರೆ." ರಸ್ತೆಗೆ ಬಂದ ಮೇಲೆ ಅವರು ಒಂದು ಅಂಗಡಿಯ ಮೆಟ್ಟಿಲಲ್ಲಿ ಕುಳಿತು ನೀರು ಕೇಳಿದರು.

ಫೋನು ಬರಲಿಲ್ಲ. ಆಮೇಲೆ ಅವರು ಒಬ್ಬರೇ ಹೋಗತೊಡಗಿದರು. ಗೇರುಬೀಜದ ಕಾರ್ಖಾನೆ, ಬಟ್ಟೆಯಂಗಡಿ, ಕಾಲೇಜಿನ ಹಾಸ್ಟೆಲು. ಎಲ್ಲ ಕಡೆ ಜಯಂತಿಯ ಹೆಸರು ಹೇಳಿ ಬರುತ್ತಿದ್ದರು. ಕೊನೆಗೆ ಆ ಹಳೆಯ ಹೋಟೆಲಿಗೂ ಹೋಗಿ, "ಅವಳನ್ನು ತಿರುಗಿ ತಕೊಳ್ಳಿ" ಎಂದು ಬೇಡಿಕೊಂಡರಂತೆ. ಆ ಜಾಗಕ್ಕೆ ಬೇರೆ ಹೆಂಗಸು ಬಂದಾಗಿತ್ತು. ಇದನ್ನು ಗಿರಿಜಕ್ಕ ನನಗೆ ಹೇಳಿದ್ದು. "ಯಾರ ಹತ್ರವೂ ಕೈ ಒಡ್ಡದ ಮನುಷ್ಯ ಕುಸುಮಾ. ಪಾತ್ರೆ ತೊಳೆಯುವ ಕೆಲಸ ಕೊಡಿ ಅಂತ ಹೋಗಿ ಕೇಳಿದ್ದಾರೆ. ಬಂದು ಊಟ ಮಾಡ್ಲಿಲ್ಲ."

ಜಯಂತಿ ಹೆಚ್ಚು ದಿನ ಕಾಯುವ ಹಾಗಿರಲಿಲ್ಲ. ಕಾಸರಗೋಡಿನ ಕಡೆ ಒಂದು ಮನೆಯಲ್ಲಿ ಮಲಗಿದಲ್ಲೇ ಇರುವ ಒಬ್ಬ ಅಜ್ಜಿಯನ್ನು ನೋಡಿಕೊಳ್ಳಲು ಹೆಂಗಸು ಬೇಕೆಂದು ಯಾರೋ ಹೇಳಿದರು. ಅಲ್ಲೇ ಉಳಿಯಬೇಕು, ಊರಿಗೆ ಬರುವುದು ವಿಷುವಿಗೋ ಓಣಂಗೋ. ಎಷ್ಟು ಓದಿದ್ದು ಎಂಬ ಪ್ರಶ್ನೆಯೇ ಇಲ್ಲ. ಅವಳು ಒಪ್ಪಿಕೊಂಡಳು.

ಹೊರಡುವ ದಿನ ನಾನೂ ಐತಪ್ಪಣ್ಣನೂ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆವು. ಜಯಂತಿಯ ಮಗಳು ತನ್ನ ಅಜ್ಜಿಯ ಜೊತೆ ಮನೆಯಲ್ಲೇ ಉಳಿದಿದ್ದಳು, ಅಳುತ್ತಾಳೆಂದು ಕರೆತಂದಿರಲಿಲ್ಲ. ಜಯಂತಿ ಒಂದು ಬಟ್ಟೆಯ ಚೀಲ ಹಿಡಿದುಕೊಂಡು ಬಸ್ಸುಗಳ ಕಡೆ ನೋಡುತ್ತಿದ್ದಳು. ಗಡಿಯಾಚೆಯಿಂದ ಬಂದ ಬಸ್ಸೊಂದು ನಿಂತಿತ್ತು. ಅದರ ಬೋರ್ಡು ಮಲಯಾಳದಲ್ಲಿತ್ತು. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಐತಪ್ಪಣ್ಣನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ಇದುವೇ ಅಲ್ವಾ ಅಣ್ಣ, ಕಾಸರಗೋಡಿಗೆ?"

ಅವರು ಹೌದೆಂದು ತಲೆಯಾಡಿಸಿದರು. ಕಣ್ಣು ಮಾತ್ರ ಆ ಬೋರ್ಡಿನಲ್ಲೇ ಇತ್ತು. ಜಯಂತಿಗೆ ಅರ್ಥವಾಯಿತು. ಅವಳು ನಗಲು ನೋಡಿದಳು. "ನೀವು ಬೇಜಾರು ಮಾಡ್ಬೇಡಿ. ನೀವು ಕಲಿಸಿದ್ದು ಹಾಳಾಗುದಿಲ್ಲ. ಮಗಳಿಗೆ ಫೋನಿನಲ್ಲಿ ಪಾಠ ಹೇಳಿ ಕೊಡ್ತೇನೆ" ಎಂದಳು. ಬಸ್ಸು ಹೊರಟಿತು. ಅವಳು ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತೋ ಏನೋ.

ಆ ಮೇಲೆ ಸಂಜೆ ಕ್ಲಾಸಿಗೆ ಬರುವವರು ಕಡಿಮೆಯಾದರು. ಯಾರೂ ಅವರ ಎದುರು ಏನೂ ಹೇಳಲಿಲ್ಲ. ನಳ್ಳಿಯ ಹತ್ತಿರ ಮಾತ್ರ ಮಾತು ನಡೆಯುತ್ತಿತ್ತು: "ಜಯಂತಿಗೇ ಸಿಗದ್ದು ನಮಗೆ ಸಿಗ್ತದಾ?" ಸೀಟಿ ಕೇಳಿದರೆ ಕೆಲವರು ಬಾಗಿಲು ಹಾಕಿಕೊಂಡು ಒಳಗೇ ಕುಳಿತರು. ಒಂದು ದಿನ ಡ್ಯೂಟಿ ಮುಗಿಸಿ ಬರುವಾಗ ಭವನದ ಲೈಟು ಉರಿಯುತ್ತಿತ್ತು. ಇಣುಕಿ ನೋಡಿದೆ. ಐತಪ್ಪಣ್ಣ ಒಬ್ಬರೇ ನೆಲದಲ್ಲಿ ಕುಳಿತಿದ್ದರು. ಕರಿಹಲಗೆಯಲ್ಲಿ ಆ ದಿನದ ಪಾಠ ಬರೆದಿಟ್ಟಿದ್ದರು. ನಾನು ಒಳಗೆ ಹೋಗಿ ಕುಳಿತೆ. "ನೀನು ಯಾಕೆ ಬಂದದ್ದು? ನಿಂದು ಆಯ್ತಲ್ಲ. ಹೋಗು, ಮನೆಯಲ್ಲಿ ಕೆಲಸ ಉಂಟು ನಿಂಗೆ" ಎಂದರು. ನಾನು ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಎದ್ದು ಬರೆದದ್ದನ್ನು ಒರೆಸಿ ಲೈಟು ನಂದಿಸಿದರು. ಅದರ ಮರುದಿನ ಸೀಟಿ ಕೇಳಲಿಲ್ಲ.

ಆದರೆ ಅವರ ತಿರುಗಾಟ ನಿಲ್ಲಲಿಲ್ಲ. ಜಯಂತಿ ಹೋದ ಮೇಲೂ ಅವಳಿಗೆ ಕೆಲಸ ಹುಡುಕುವುದನ್ನು ಬಿಡಲಿಲ್ಲ. ಊರಿನಲ್ಲೇ ಏನಾದರೂ ಸಿಕ್ಕಿದರೆ ಮಗಳ ಹತ್ತಿರ ಬಂದು ಇರಬಹುದಲ್ಲ ಎಂಬ ಆಸೆ. ಮಳೆಗಾಲದಲ್ಲೂ ಹಳೆಯ ಚಪ್ಪಲಿಯಲ್ಲಿ ನಡೆಯುತ್ತಿದ್ದರು. ಅವರು ಬರುವುದು ಕಂಡರೆ ಕೆಲವು ಅಂಗಡಿಯವರು ಫೋನು ಕಿವಿಗಿಟ್ಟುಕೊಳ್ಳುತ್ತಿದ್ದರು. ಐತಪ್ಪಣ್ಣನಿಗೆ ಮೊದಲೇ ಸಕ್ಕರೆ ಕಾಯಿಲೆ. ಕಾಲ ಬೆರಳಿನ ಸಂದಿಯಲ್ಲಿ ಆದ ಗಾಯವನ್ನು ಗಿರಿಜಕ್ಕನಿಗೂ ತೋರಿಸಿರಲಿಲ್ಲ. ಜ್ವರ ಬಂದು ಬಿದ್ದ ಮೇಲೆಯೇ ಗೊತ್ತಾಗಿದ್ದು. ಆಗ ಪಾದ ಕಪ್ಪಾಗಿತ್ತು.

ಅವರನ್ನು ಕರೆತಂದದ್ದು ನಾನು ಕೆಲಸ ಮಾಡುವ ಆಸ್ಪತ್ರೆಗೇ, ನನ್ನ ವಾರ್ಡಿಗೇ. ಗಾಲಿಕುರ್ಚಿ ತಳ್ಳಿದವಳು ನಾನು. ಮೈ ಒರೆಸಿ, ಅಂಗಿ ಬದಲಿಸುವಾಗ ಅವರು ನಾಚಿಕೊಂಡು ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಕಾಲು ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ಗಿರಿಜಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಐತಪ್ಪಣ್ಣ ಕೇಳಿದ್ದು ಬೇರೆಯೇ.

"ಡಾಕ್ಟ್ರೇ, ನಿಮ್ಮಲ್ಲಿ ಹೆಂಗಸರಿಗೆ ಕೆಲಸ ಉಂಟಾ? ಒಬ್ಬಳಿದ್ದಾಳೆ. ಪ್ರಾಯ ಒಂಚೂರು ಜಾಸ್ತಿ. ಆದ್ರೆ ಓದು ಭಾರೀ ಜೋರು."

ಜ್ವರದಲ್ಲಿ ಏನೋ ಮಾತಾಡುತ್ತಿದ್ದಾರೆಂದು ಡಾಕ್ಟರು ನನ್ನ ಕಡೆ ನೋಡಿ, ಕಾಗದದಲ್ಲಿ ಇನ್ನೊಂದು ಔಷಧ ಬರೆದು ಹೋದರು.

ಕಾಲು ತೆಗೆದ ಮೇಲೂ ನಂಜು ಇಳಿಯಲಿಲ್ಲ. ಒಂದು ಸಂಜೆ ನನ್ನ ಡ್ಯೂಟಿ ಮುಗಿಯುವ ಹೊತ್ತಿಗೆ ಹತ್ತಿರ ಕರೆದರು. "ಕುಸುಮಾ, ನಿನ್ನ ಮೇಲಿನವರ ಹತ್ರ ಜಯಂತಿಯ ವಿಷಯ ಇನ್ನೊಮ್ಮೆ ಕೇಳು."

"ತುಂಬ ಸಲ ಕೇಳಿದ್ದೇನೆ ಅಣ್ಣ" ಎಂದೆ. ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ. ಹೇಳಿದ್ದರೂ ಅವರಿಗೆ ತಿಳಿಯುತ್ತಿತ್ತು. "ಆಗುದಿಲ್ಲ ಅಂತಾರೆ."

"ಆಗುದಿಲ್ಲಂತಾ?"

"ಹೌದು ಅಣ್ಣ."

ಅವರು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಾ ಮಲಗಿದರು. ಆಮೇಲೆ ಹೇಳಿದರು, "ನಂಗೆ ಮೊದಲೇ ಗೊತ್ತಿದ್ರೆ ಹೋಟೆಲು ಬಿಡ್ಲಿಕ್ಕೆ ಹೇಳ್ತಿರಲಿಲ್ಲ ಮಾರಾಯ್ತಿ. ಅವಳಿಗೆ ಹೇಳು. ಗೊತ್ತಿರಲಿಲ್ಲ ಅಂತ ಹೇಳು."

ಹೇಳುತ್ತೇನೆ ಎಂದೆ.

ಮರುದಿನ ನಾನು ಬರುವಾಗ ಹಾಸಿಗೆ ಖಾಲಿಯಿತ್ತು. ನಸುಕಿಗೇ ತೀರಿಹೋದರಂತೆ. ಗಿರಿಜಕ್ಕನೂ ಸುಳ್ಯದಿಂದ ಬಂದ ಮಗಳೂ ಅವರನ್ನು ಆಂಬುಲೆನ್ಸಿನಲ್ಲಿ ಮನೆಗೆ ಕೊಂಡೊಯ್ದಿದ್ದರು. ನಾನು ಮೆಟ್ಟಿಲಿನ ಹತ್ತಿರ ಹೋಗಿ ಜಯಂತಿಗೆ ಫೋನು ಮಾಡಿ, ಸುದ್ದಿ ಹೇಳಿ, ಅವರು ಹೇಳಲು ಹೇಳಿದ್ದನ್ನೂ ಹೇಳಿದೆ. ಆ ಕಡೆ ಯಾರೋ ಮಲಯಾಳದಲ್ಲಿ ಅವಳನ್ನು ಕರೆಯುತ್ತಿದ್ದರು.

"ಕುಸುಮಾ, ಇಲ್ಲಿ ಅಜ್ಜಿಗೆ ಗಂಜಿ ಕೊಡ್ಲಿಕ್ಕೆ ಉಂಟು. ಮತ್ತೆ ಮಾಡ್ತೇನೆ" ಎಂದಳು.

ಮಾಡಲಿಲ್ಲ.

ವಾರ್ಡಿಗೆ ಮರಳಿದಾಗ ಸಿಸ್ಟರು, "ಆ ಬೆಡ್ಡು ಬೇಗ ರೆಡಿ ಮಾಡು ಕುಸುಮಾ, ಕಡಬದಿಂದ ಪೇಶೆಂಟು ಬರ್ತಾ ಉಂಟು" ಎಂದರು. ಐತಪ್ಪಣ್ಣನ ಮನೆಗೆ ಹೋಗಲು ರಜೆ ಕೇಳಿದೆ. ಮಧ್ಯಾಹ್ನದ ಮೇಲೆ ಹೋಗು ಎಂದರು. ನಾನು ಚಾದರ ಎಳೆದು ತೆಗೆದೆ, ದಿಂಬಿನ ಕವರು ಬದಲಿಸಿದೆ, ಮಂಚದ ಕಬ್ಬಿಣವನ್ನು ಔಷಧದ ನೀರಿನಲ್ಲಿ ಒರೆಸಿದೆ. ಈ ಕೆಲಸ ನನಗೆ ಅವರು ಕೊಡಿಸಿದ್ದು. ಒಗೆದ ಚಾದರ ಹಾಸಿ, ಸುಕ್ಕಿಲ್ಲದ ಹಾಗೆ ಮೂಲೆಗಳನ್ನು ಒಳಗೆ ಮಡಚಿ, ಬರುವವರನ್ನು ಕರೆತರಲು ಲಿಫ್ಟಿನ ಬಾಗಿಲಿಗೆ ಹೋಗಿ ನಿಂತೆ.